ಹತ್ತಡಿ ಕೋಣೆಗೆ ಸ್ಪೀಕರ್: ಗೋಡೆಗೆ ಅಂಟಿಸಿ ಇಡುವುದಾದರೆ ಏನು ನೋಡಿ ಕೊಳ್ಳಬೇಕು

ನಮ್ಮ ಮನೆಗಳಲ್ಲಿ ಹಾಡು ಕೇಳಲು ಸಿಗುವ ಕೋಣೆ ಸಾಮಾನ್ಯವಾಗಿ 10×10 ಅಥವಾ 10×12 ಅಡಿ. ಮಂಚ, ಬೀರು, ಓದುವ ಮೇಜು ಎಲ್ಲವೂ ಅದರೊಳಗೇ. ಸ್ಪೀಕರನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ತಂದು ನಿಲ್ಲಿಸಿ ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ, ಓಡಾಡಲು ಜಾಗವೇ ಉಳಿಯದು. ಆದ್ದರಿಂದ ಮೊದಲು ಜಾಗ ಗೊತ್ತು ಮಾಡಿಕೊಳ್ಳಿ, ಆಮೇಲೆ ಆ ಜಾಗಕ್ಕೆ ಒಗ್ಗುವ ಸ್ಪೀಕರ್ ಹುಡುಕಿ. ಗೋಡೆಗೆ ಅಂಟಿ ನಿಂತೂ ಚೆನ್ನಾಗಿ ನುಡಿಯುವ ಸ್ಪೀಕರುಗಳು ಬೇಕಾದಷ್ಟಿವೆ. ನಿಜವಾಗಿ ಕೆಡುವುದು ಅತ್ತ ಹತ್ತಿರವೂ ಅಲ್ಲದ, ಇತ್ತ ದೂರವೂ ಅಲ್ಲದ 40 ಸೆಂ.ಮೀ.ನಿಂದ 1 ಮೀಟರ್‌ವರೆಗಿನ ಅಂತರದಲ್ಲಿ.

ಗೋಡೆ ಮಾಡುವ ಎರಡು ಕೆಲಸ

ಮೊದಲನೆಯದು, ಬೇಸ್ ಹೆಚ್ಚಿಸುವುದು. ಕೆಳಗಿನ ಸ್ವರಗಳು ಸ್ಪೀಕರ್ ಡಬ್ಬದ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದೆ ಹೋದದ್ದನ್ನು ಗೋಡೆ ವಾಪಸ್ ಕಳಿಸುತ್ತದೆ. ಒಂದು ಗೋಡೆಯ ಪಕ್ಕದಲ್ಲಿಟ್ಟರೆ ಬೇಸ್ 6 ಡೆಸಿಬೆಲ್‌ವರೆಗೂ ಏರಬಹುದು. ಮೂಲೆಗೆ ತಳ್ಳಿದರೆ ಪಕ್ಕದ ಗೋಡೆ ಇನ್ನೂ ಅಷ್ಟನ್ನು ಸೇರಿಸಬಹುದು. ಇಲ್ಲೊಂದು ಮಾತು ಗಮನಿಸಿ: ಅಮೆರಿಕದ ಎಷ್ಟೋ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಹೊಡೆದ ತೆಳು ಹಲಗೆ, ಬೇಸ್‌ನ ಒಂದು ಪಾಲು ಅದರಲ್ಲಿ ಸೋರಿಹೋಗುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಗೋಡೆ ಮತ್ತು ತಾರಸಿ ಅದನ್ನು ಸೋರಲು ಬಿಡುವುದಿಲ್ಲ. ಅಲ್ಲಿನ ವಿಮರ್ಶಕರು ‘ಬೇಸ್ ಸ್ವಲ್ಪ ಸಾಲದು’ ಎಂದ ಸ್ಪೀಕರ್ ಇಲ್ಲಿ ಹದವಾಗಿ ಕೇಳಿಸುವುದು ಇದೇ ಕಾರಣಕ್ಕೆ.

ಎರಡನೆಯ ಕೆಲಸವನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋಡೆಗೆ ಬಡಿದು ತಡವಾಗಿ ಬರುವ ಶಬ್ದ ಒಂದು ಕಂಪನಾಂಕದಲ್ಲಿ ನೇರ ಶಬ್ದಕ್ಕೆ ಎದುರಾಗಿ ಬಂದು ಅದನ್ನು ಅಳಿಸಿಬಿಡುತ್ತದೆ. ಲೆಕ್ಕ ಸುಲಭ: 86 ಅನ್ನು ಮೀಟರ್ ಲೆಕ್ಕದ ದೂರದಿಂದ ಭಾಗಿಸಿ. ದೂರ ಅಳೆಯಬೇಕಾದದ್ದು ವೂಫರ್ (ಕೆಳಗಿನ ಸ್ವರ ನುಡಿಸುವ ದೊಡ್ಡ ಘಟಕ) ಕೋನ್‌ನಿಂದ ಗೋಡೆಗೆ, ಡಬ್ಬದ ಬೆನ್ನಿನಿಂದಲ್ಲ. 1 ಮೀಟರ್ ಆದರೆ 86 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 86 ಕಂಪನ) ಗುಂಡಿ, ಎಂದರೆ ಶಬ್ದ ಕುಗ್ಗುವ ಹಳ್ಳ, ಬೀಳುತ್ತದೆ, ಅರ್ಧ ಮೀಟರ್ ಆದರೆ 172, 25 ಸೆಂ.ಮೀ. ಆದರೆ 344.

172 ಎಂದರೆ ಕಿವಿಗೆ ಏನು? ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಂಡುದನಿಯನ್ನು ತೆಗೆದುಕೊಳ್ಳಿ. ಷಡ್ಜ ಸುಮಾರು 131 ಹರ್ಟ್ಜ್, ಶುದ್ಧ ಮಧ್ಯಮ ಸುಮಾರು 175. ಸ್ಪೀಕರ್ ಅರ್ಧ ಮೀಟರ್ ದೂರದಲ್ಲಿದ್ದರೆ ದನಿ ಷಡ್ಜದಲ್ಲಿ ತುಂಬಿಕೊಂಡಿರುತ್ತದೆ, ಮಧ್ಯಮಕ್ಕೆ ಬಂದು ನಿಂತ ಕೂಡಲೇ ತೆಳ್ಳಗಾಗುತ್ತದೆ. ಗಾಯಕರ ತಪ್ಪಲ್ಲ, ರೆಕಾರ್ಡಿಂಗಿನ ತಪ್ಪೂ ಅಲ್ಲ.

ಗೋಡೆಗೆ ಹತ್ತಿರ ತಂದಷ್ಟೂ ಈ ಗುಂಡಿ 300 ಹರ್ಟ್ಜ್‌ಗಿಂತ ಮೇಲಕ್ಕೆ ಸರಿಯುತ್ತದೆ. ಅಲ್ಲಿ ಡಬ್ಬ ಶಬ್ದವನ್ನು ಮುಂದಕ್ಕೆ ನೂಕಲು ಶುರುಮಾಡಿರುವುದರಿಂದ ಹಿಂದೆ ಹೋಗುವುದು ಕಡಿಮೆ, ಗುಂಡಿಯ ಆಳವೂ ಕಡಿಮೆ. ಉಳಿದದ್ದನ್ನು ಸ್ಪೀಕರ್ ಹಿಂದಿನ ಗೋಡೆಗೆ 5ರಿಂದ 10 ಸೆಂ.ಮೀ. ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ) ಫಲಕ ಹಾಕಿ ತಗ್ಗಿಸಬಹುದು. ಒಂದಿಂಚಿನ ಮೊಟ್ಟೆ ಟ್ರೇ ಆಕಾರದ ಸ್ಪಂಜಿಗೆ ದುಡ್ಡು ಹಾಕಬೇಡಿ, ಬೇಸ್ ಮೇಲೆ ಅದರ ಪರಿಣಾಮ ಏನೂ ಇಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ಮೇಲಿನ ಲೆಕ್ಕದಿಂದಲೇ ಮೊದಲ ಗುಣ ಹೊರಬೀಳುತ್ತದೆ: ಡಬ್ಬದ ಆಳ. ಆಳ 22 ಸೆಂ.ಮೀ. ಇದ್ದು ಹಿಂದೆ 4 ಸೆಂ.ಮೀ. ಬಿಟ್ಟರೆ ಗುಂಡಿ 330 ಹರ್ಟ್ಜ್ ಹತ್ತಿರ. ಆಳ 35 ಇದ್ದು 10 ಸೆಂ.ಮೀ. ಬಿಟ್ಟರೆ 191. ಒಂದೇ ಬೆಲೆಯ ಎರಡು ಜೋಡಿಯಲ್ಲಿ ಆಳ ಕಡಿಮೆ, ಅಗಲ ಹೆಚ್ಚು ಇರುವುದನ್ನೇ ಆರಿಸಿ. ಶೋರೂಮಿಗೆ ಹೋಗುವಾಗ ಟೇಪು ಜೇಬಿನಲ್ಲಿರಲಿ.

ಎರಡನೆಯದು, ಡಬ್ಬ ಪೂರ್ತಿ ಮುಚ್ಚಿದ್ದೋ ಪೋರ್ಟ್ (ಒಳಗಿನ ಗಾಳಿ ಆಡುವ ರಂಧ್ರ) ಇರುವುದೋ ಎಂಬುದು. ಮುಚ್ಚಿದ ಡಬ್ಬದಲ್ಲಿ ಬೇಸ್ ಆಕ್ಟೇವ್‌ಗೆ (ಒಂದು ಸ್ಥಾಯಿಗೆ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಗೋಡೆ ಆ ಇಳಿಜಾರನ್ನು ಎತ್ತಿ ಹಿಡಿಯುತ್ತದೆ, ಜೋಡಿ ಚೆನ್ನಾಗಿ ಕೂಡುತ್ತದೆ. ಪೋರ್ಟ್ ಇರುವ ಚಿಕ್ಕ ಡಬ್ಬಗಳಲ್ಲಿ ಅನೇಕವನ್ನು 80–120 ಹರ್ಟ್ಜ್ ಹತ್ತಿರ ಬೇಕೆಂದೇ ಉಬ್ಬಿಸಿರುತ್ತಾರೆ, ಅಂಗಡಿಯಲ್ಲಿ ದೊಡ್ಡದಾಗಿ ಕೇಳಿಸಲಿ ಎಂದು. ಅದರ ಮೇಲೆ ಗೋಡೆಯ ಏರಿಕೆಯೂ ಸೇರಿದರೆ ಮೃದಂಗದ ಎಡಭಾಗದ ಹೊಡೆತಗಳೆಲ್ಲ ಒಂದರೊಳಗೊಂದು ಕಲಸಿ ಗುಂಯ್ ಎನ್ನುತ್ತವೆ.

‘ಪೋರ್ಟ್ ಹಿಂದಿದ್ದರೆ ಗೋಡೆ ಹತ್ತಿರ ಇಡಲೇಬಾರದು’ ಎನ್ನುವುದು ಅರ್ಧ ಸತ್ಯ. 50 ಹರ್ಟ್ಜ್ ಶಬ್ದದ ಅಲೆ ಸುಮಾರು 7 ಮೀಟರ್ ಉದ್ದ. ಪೋರ್ಟ್ ಮುಂದಿದೆಯೋ ಹಿಂದಿದೆಯೋ ಎಂಬುದು ಅಷ್ಟು ಉದ್ದದ ಅಲೆಗೆ ದೊಡ್ಡ ಸಂಗತಿಯಲ್ಲ. ಪೋರ್ಟಿನ ಬಾಯಿ ಎಷ್ಟು ಅಗಲವೋ ಕನಿಷ್ಠ ಅಷ್ಟು ಜಾಗ ಹಿಂದೆ ಬಿಟ್ಟು ಗಾಳಿ ಆಡಲು ಬಿಟ್ಟರೆ ಸಾಕು. ಆಡಿಯೋ ನೋಟ್ ಕಂಪನಿಯ ಎಎನ್-ಇ ಸ್ಪೀಕರಿಗೆ ಪೋರ್ಟ್ ಇರುವುದು ಹಿಂದೆಯೇ, ಆದರೂ ಅದನ್ನು ರೂಪಿಸಿರುವುದು ಮೂಲೆಯಲ್ಲಿ ಇಡಲೆಂದು. ವಿನ್ಯಾಸ ಮಾಡಿದವರು ಯಾವ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದೇ ಮುಖ್ಯ. ಮ್ಯಾನ್ಯುವಲ್‌ನಲ್ಲಿ ಗೋಡೆಯಿಂದ ಇಷ್ಟು ದೂರ ಎಂದು ಬರೆದಿರುತ್ತದೆ, ಕೊಳ್ಳುವ ಮೊದಲೇ ಓದಿ.

ಬಜೆಟ್ಟಿಗೂ ಒಗ್ಗಿ ಕೋಣೆಗೂ ಒಗ್ಗುವುದು ಹೆಚ್ಚಾಗಿ ಗೋಡೆ ಹತ್ತಿರವಿದ್ದಾಗ ಬೇಸ್ ಇಳಿಸುವ ಸ್ವಿಚ್ ಹಿಂಬದಿಯಲ್ಲಿರುವ, ಒಳಗೇ ಆಂಪ್ (ಆಂಪ್ಲಿಫೈಯರ್) ಕೂತಿರುವ ಸ್ಟುಡಿಯೋ ಸ್ಪೀಕರುಗಳು. ಯಮಹಾ ಎಚ್‌ಎಸ್‌5ರಲ್ಲಿ ಬೇಸನ್ನು 2 ಅಥವಾ 4 ಡೆಸಿಬೆಲ್ ಇಳಿಸಬಹುದು. ಜೆಬಿಎಲ್ 305ಪಿ ಮಾರ್ಕ್ 2ರಲ್ಲಿ 1.5 ಅಥವಾ 3. ನ್ಯೂಮನ್ ಕೆಎಚ್ 120ರಲ್ಲಿ 7.5ರವರೆಗೂ ಇಳಿಸಬಹುದು, ಅದರ ಬೆಲೆ ಮಾತ್ರ ಬಹಳ ಮೇಲಿನದು. ಕಾಲಿ ಎಲ್‌ಪಿ-6ರ ಪೋರ್ಟ್ ಮುಂದಿದೆ. ಮೇಜಿನ ಮೇಲೆ, ಗೋಡೆ ಪಕ್ಕ ಎಂದು ಚಿತ್ರ ನೋಡಿಯೇ ಸ್ವಿಚ್ ಹಾಕಬಹುದು. ಇಂಥ ಸ್ವಿಚ್ ಇಲ್ಲದ, ಬೇಸ್ ಜೋರಾಗಿರುವ ಸ್ಪೀಕರಿಗಿಂತ 5 ಇಂಚಿನ ವೂಫರ್‌ನ ಇಂಥದೊಂದು ಜೋಡಿ ಚಿಕ್ಕ ಕೋಣೆಯಲ್ಲಿ ಎಷ್ಟೋ ಮೇಲು.

ಸ್ಪೀಕರ್ ಎಷ್ಟು ಕೆಳಗಿನ ಸ್ವರದವರೆಗೆ ನುಡಿಯುತ್ತದೆ ಎಂಬ ಪೆಟ್ಟಿಗೆಯ ಮೇಲಿನ ಅಂಕಿ ಓದುವಾಗ ಹುಷಾರು. ಎಚ್‌ಎಸ್‌5ಕ್ಕೆ 54 ಹರ್ಟ್ಜ್ ಎಂದಿರುವುದು ಶಬ್ದ 10 ಡೆಸಿಬೆಲ್ ಇಳಿದ ಜಾಗ. 3 ಡೆಸಿಬೆಲ್ ಇಳಿಯುವುದು 74ರಲ್ಲೇ. ಗೋಡೆ ಪಕ್ಕದ ಬಳಕೆಗೆ 74 ಎಂಬುದು ಕೊರತೆಯಲ್ಲ, ಅನುಕೂಲ. ಮೈನಸ್ 3 ಡೆಸಿಬೆಲ್ ಅಂಕಿ 55ರಿಂದ 75ರ ನಡುವೆ ಇರುವುದನ್ನು ಹುಡುಕಿ. 40ಕ್ಕೂ ಕೆಳಗೆ ಇಳಿಯುವ, ಎರಡೆರಡು ವೂಫರ್‌ನ ನೆಲಕ್ಕೆ ನಿಲ್ಲುವ ಸ್ಪೀಕರ್ ಹತ್ತಡಿ ಕೋಣೆಗೆ ಬೇಡ.

ಮೂಲೆಯ ಮಾತು

ಮೂಲೆಯೆಂದರೆ ಕೆಟ್ಟದ್ದೇ ಎಂದೇನಿಲ್ಲ. ಪಾಲ್ ಕ್ಲಿಪ್ಶ್ ಅವರ ಕ್ಲಿಪ್ಶ್‌ಹಾರ್ನ್ ಸ್ಪೀಕರ್ 1946ರಿಂದಲೂ ತಯಾರಾಗುತ್ತಿದೆ, ಕೋಣೆಯ ಎರಡು ಗೋಡೆಗಳನ್ನೇ ಅದು ತನ್ನ ಕಹಳೆಯ ಮುಂದುವರಿಕೆಯಾಗಿ ಬಳಸುತ್ತದೆ. ಆದರೆ ಸಾಮಾನ್ಯ ಸ್ಪೀಕರನ್ನು ಮೂಲೆಗೆ ತಳ್ಳಿದರೆ ಕೋಣೆಯ ಎಲ್ಲ ಅನುರಣನಗಳೂ ಒಟ್ಟಿಗೇ ಎದ್ದು ಕೂರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು 10 ಅಡಿಗೆ 56 ಹರ್ಟ್ಜ್, 12 ಅಡಿಗೆ 47. ಕೋಣೆ 10×10, ತಾರಸಿಯೂ 10 ಅಡಿ ಎತ್ತರವಾದರೆ ಮೂರೂ 56ರಲ್ಲೇ ಬಂದು ಕೂಡುತ್ತವೆ. ಬೇಸ್ ಗಿಟಾರಿನ ಎ ತಂತಿ ಬಿಟ್ಟು ಮೀಟಿದರೆ 55 ಹರ್ಟ್ಜ್. ಇಂಥ ಕೋಣೆಯಲ್ಲಿ ಆ ಒಂದು ಸ್ವರ ಕಿಟಕಿ ಗಾಜು ನಡುಗಿಸುತ್ತದೆ, ಅಕ್ಕಪಕ್ಕದ ಸ್ವರಗಳು ಸುಮ್ಮನಿರುತ್ತವೆ.

ಮೂಲೆ ಬಿಟ್ಟರೆ ಬೇರೆ ಜಾಗವೇ ಇಲ್ಲವೆಂದರೆ ಒಂದು ನಿಯಮ ಪಾಲಿಸಿ: ವೂಫರ್‌ನಿಂದ ಹಿಂದಿನ ಗೋಡೆಗೆ, ಪಕ್ಕದ ಗೋಡೆಗೆ, ನೆಲಕ್ಕೆ ಇರುವ ಮೂರು ದೂರಗಳು ಸಮ ಇರಕೂಡದು. ಮೂರೂ ಒಂದೇ ಆದರೆ ಮೂರರ ಗುಂಡಿಯೂ ಒಂದೇ ಕಡೆ ಬಿದ್ದು ಆಳವಾಗುತ್ತದೆ. 1970ರ ದಶಕದಲ್ಲೇ ಸ್ಪೀಕರ್ ವಿನ್ಯಾಸಕ ರಾಯ್ ಆಲಿಸನ್ ಇದನ್ನು ಅಳೆದು ತೋರಿಸಿದ್ದಾರೆ. ಹಿಂದೆ 25, ಪಕ್ಕಕ್ಕೆ 45, ನೆಲಕ್ಕೆ 80 ಸೆಂ.ಮೀ. ಇಂಥದೊಂದು ಹಂಚಿಕೆ ಸಾಕು.

ಒಂದು ಸ್ಪೀಕರ್ ಮೂಲೆಯಲ್ಲಿ, ಇನ್ನೊಂದು ಬಾಗಿಲ ಪಕ್ಕದಲ್ಲಿ ಬರುವುದು ನಮ್ಮ ಕೋಣೆಗಳಲ್ಲಿ ಮಾಮೂಲು. ಸ್ವಿಚ್ ಇರುವ ಸ್ಪೀಕರ್ ನಿಜವಾಗಿ ಕೈ ಹಿಡಿಯುವುದು ಇಲ್ಲೇ: ಮೂಲೆಯದಕ್ಕೆ ಮೈನಸ್ 4, ಬಾಗಿಲ ಪಕ್ಕದ್ದಕ್ಕೆ ಮೈನಸ್ 2 ಹಾಕಿ ಸಮ ಮಾಡಿ.

ಇಡುವ ಕ್ರಮ

10×12ರಲ್ಲಿ 10 ಅಡಿಯ ಗೋಡೆಗೆ ಸ್ಪೀಕರ್ ಇಡಿ. ಎರಡರ ನಡುವೆ 5ರಿಂದ 6 ಅಡಿ ಬಿಟ್ಟರೆ ಪಕ್ಕದ ಗೋಡೆಗೆ ಎರಡಡಿ ಉಳಿಯುತ್ತದೆ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಘಟಕ) ನೀವು ಕೂತಾಗಿನ ಕಿವಿಯ ಎತ್ತರಕ್ಕಿರಲಿ. ಕುರ್ಚಿಗೆ 95 ಸೆಂ.ಮೀ. ಆಸುಪಾಸು, ದಿವಾನಕ್ಕೆ ಇನ್ನೂ ಸ್ವಲ್ಪ ಕೆಳಗೆ. ಮುಖವನ್ನು ನಿಮ್ಮ ಕಡೆ ತುಸು ತಿರುಗಿಸಿ.

ಷೋಕೇಸಿನ ಗೂಡಿನೊಳಗೆ ಇಡಬೇಡಿ. ಗೂಡು ತಾನೇ ಒಂದು ಡಬ್ಬವಾಗಿ ಮೊಳಗುತ್ತದೆ. ವಿಧಿಯಿಲ್ಲದಿದ್ದರೆ ಸ್ಪೀಕರ್ ಮುಖ ಗೂಡಿನ ಅಂಚಿಗೆ ಸಮವಾಗಿ ಬರುವಂತೆ ಎಳೆದು, ಸುತ್ತಲಿನ ಸಂದಿಗೆ ಹಳೆಯ ಕಂಬಳಿ ತುರುಕಿ. ಸ್ವಂತ ಆಂಪ್ ಇರುವ ಸ್ಪೀಕರಾದರೆ ಅದರ ಬೆನ್ನಿನಲ್ಲಿ ಬಿಸಿ ಹೊರಹಾಕುವ ಲೋಹದ ತಟ್ಟೆಯನ್ನು ಮುಚ್ಚಬಾರದು.

ಕೂರುವ ಜಾಗ ಎದುರು ಗೋಡೆಗೆ ತಗುಲಿದ್ದರೆ ತಲೆ ಇರುವಲ್ಲೂ ಬೇಸ್ ಏರಿರುತ್ತದೆ. ಒಂದೂವರೆ ಅಡಿ ಮುಂದೆ ಬನ್ನಿ, ಕೋಣೆಯ ಸರಿಮಧ್ಯದಲ್ಲಿ ಮಾತ್ರ ಕೂರಬೇಡಿ.

ಈಗಾಗಲೇ ಇರುವ ಪೋರ್ಟಿನ ಸ್ಪೀಕರ್ ಗುಂಯ್‌ಗುಟ್ಟುತ್ತಿದ್ದರೆ ಪೋರ್ಟಿನ ಬಾಯಿಗೆ ಸುತ್ತಿದ ಕಾಲ್ಚೀಲ ಅಥವಾ ಸ್ಪಂಜಿನ ಬಿರಡೆ ಹಾಕಿ ನೋಡಿ. ಒಳಗೆ ಬೀಳದಂತೆ ಬಿಗಿಯಾಗಿರಲಿ. ಬಿರಡೆ ಹಾಕಿದಾಗ ಕೋನ್ ಹೆಚ್ಚು ಓಡಾಡುತ್ತದೆ, ವಾಲ್ಯೂಮ್ ಮಿತಿಯಲ್ಲಿಡಿ.

ಪರೀಕ್ಷೆಗೆ ಮೊಬೈಲ್ ಟೋನ್ ಆ್ಯಪ್ ತೆರೆದು 30ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸಿ, ಎಲ್ಲಿ ಉಬ್ಬುತ್ತದೆ, ಎಲ್ಲಿ ಮಾಯವಾಗುತ್ತದೆ ಬರೆದುಕೊಳ್ಳಿ. ಇನ್ನೂ ನಿಖರವಾಗಿ ಬೇಕಾದರೆ ಅಳತೆಗೆಂದೇ ಇರುವ ಯುಮಿಕ್-1 ಮೈಕು, ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝರ್ಡ್ ತಂತ್ರಾಂಶ ಬಳಸಿ. ಉಬ್ಬಿದ್ದನ್ನು ಈಕ್ವಲೈಸರ್‌ನಲ್ಲಿ ಇಳಿಸಿ. 56ರಲ್ಲಿ 5–6 ಡೆಸಿಬೆಲ್ ಕಿರಿದಾಗಿ ಕತ್ತರಿಸಿದರೆ ಕೋಣೆ ಹಗುರಾಗುತ್ತದೆ. ಗುಂಡಿಯನ್ನು ಮಾತ್ರ ತುಂಬಿಸಲು ಹೋಗಬೇಡಿ. 6 ಡೆಸಿಬೆಲ್ ಏರಿಸಲು ಆಂಪ್‌ನಿಂದ ನಾಲ್ಕು ಪಟ್ಟು ಶಕ್ತಿ ಬೇಕು, ಗೋಡೆಯಿಂದ ಎದುರು ಬರುವ ಶಬ್ದವೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ. ಗುಂಡಿಗೆ ಮದ್ದು ಸ್ಪೀಕರನ್ನೇ ಐದು ಸೆಂ.ಮೀ. ಹಿಂದಕ್ಕೆ ಸರಿಸಿ ಮತ್ತೆ ಟೋನ್ ಹಾಕುವುದು.