ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ಕೀ ತಿರುಗಿಸಿದಾಗ ಕಾರು ಸ್ಟಾರ್ಟ್ ಆಗದಿದ್ದರೆ ನಮ್ಮಲ್ಲಿ ಬಹುತೇಕರು ಮೊದಲು ಆಡುವ ಮಾತು ‘ಬ್ಯಾಟರಿ ಹೋಗಿದೆ’ ಎಂಬುದು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕರೆಂಟು ಬ್ಯಾಟರಿಯಿಂದ ಹೊರಟು ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರನ್ನು ತಿರುಗಿಸಿ ಮತ್ತೆ ಬ್ಯಾಟರಿಗೆ ಮರಳುವ ದಾರಿಯಲ್ಲಿ ಟರ್ಮಿನಲ್, ಕೇಬಲ್, ಕರೆಂಟನ್ನು ಎಂಜಿನ್ ಮತ್ತು ಕಾರಿನ ಲೋಹದ ಬಾಡಿಯ ಮೂಲಕ ಮರಳಿಸುವ ಅರ್ಥ್ ಪಟ್ಟಿ ಇವೆ. ಸೆಲ್ಫಿಗೆ ಅಪ್ಪಣೆ ಕೊಡುವ ಸಣ್ಣ ತಂತಿಯ ಹಾದಿಯಲ್ಲಿ ಫ್ಯೂಸ್, ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್), ಸ್ವಿಚ್‌ಗಳಿವೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಕಾರು ನಿಂತಲ್ಲೇ ನಿಲ್ಲುತ್ತದೆ. ಮಲೆನಾಡಿನ ಒಂದು ಮಳೆಗಾಲದಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ ಮೂರನೆಯ ದಿನವೇ ಅದೇ ತೊಂದರೆ ಮರುಕಳಿಸಿತು. ದೋಷವಿದ್ದದ್ದು ಗೇರ್‌ಬಾಕ್ಸನ್ನು ಬಾಡಿಗೆ ಜೋಡಿಸುವ ಅರ್ಥ್ ಪಟ್ಟಿಯ ಬೋಲ್ಟಿನ ಅಡಿಯಲ್ಲಿ ಕಟ್ಟಿದ್ದ ತುಕ್ಕಿನಲ್ಲಿ.

ಮೊದಲು ಕಾರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಒಳಗಿನ ದೀಪ ಹಾಕಿಕೊಂಡು ಕೀ ತಿರುಗಿಸಿ, ಕಿವಿಗೊಟ್ಟು ಕೇಳಿ. ‘ಟಕ ಟಕ ಟಕ’ ಎಂದು ಬೇಗಬೇಗನೆ ಸದ್ದಾಗಿ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸರಿಯಾಗಿ ಹಿಡಿದಿಲ್ಲ. ‘ಟಕ್’ ಎಂದು ಒಂದೇ ಸಲ ಸದ್ದಾಗಿ ದೀಪ ಹಾಗೆಯೇ ಉರಿಯುತ್ತಿದ್ದರೆ ಸೊಲೆನಾಯ್ಡ್ (ಅಪ್ಪಣೆ ಬಂದಾಗ ಸೆಲ್ಫಿಗೆ ದೊಡ್ಡ ಕರೆಂಟು ಹಾಯಿಸುವ ಸ್ವಿಚ್), ಸೆಲ್ಫ್ ಮೋಟಾರ್ ಅಥವಾ ಎಂಜಿನ್‌ನ ಅರ್ಥ್ ಕಡೆ ನೋಡಬೇಕು. ದೀಪ ಚೆನ್ನಾಗಿದ್ದು ಯಾವ ಸದ್ದೂ ಬಾರದಿದ್ದರೆ ಸೊಲೆನಾಯ್ಡಿಗೆ ಅಪ್ಪಣೆಯೇ ತಲುಪುತ್ತಿಲ್ಲ. ಸೆಲ್ಫ್ ಎಂದಿನಂತೆ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಅದು ಬೇರೆಯೇ ದಾರಿ. ಅಂಥ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ ಪ್ರಯೋಜನವಿಲ್ಲ.

ಮುಂದಿನ ಕೆಲಸಕ್ಕೆ ಕೆಲವು ನೂರು ರೂಪಾಯಿಗೆ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ರಾತ್ರಿಯಿಡೀ ನಿಂತಿದ್ದ ಕಾರಿನ ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ. ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳಿರುವುದರಿಂದ, ಚಾರ್ಜ್ ಮಾಡಿದ ಮೇಲೂ ಅಂಕಿ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಕೋಶ ಸತ್ತಿದೆ ಎಂದು ತಿಳಿಯಬಹುದು. ಆದರೆ 12.6 ಕಂಡಾಕ್ಷಣ ಬ್ಯಾಟರಿ ಗಟ್ಟಿಯಾಗಿದೆ ಎಂದು ನಂಬಬೇಡಿ. ಸೆಲ್ಫ್ ಮೋಟಾರ್ ನೂರು ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ಆ ಹೊರೆ ಬಿದ್ದಾಗಲೇ ಬ್ಯಾಟರಿಯ ನಿಜವಾದ ತಾಕತ್ತು ತಿಳಿಯುವುದು. ಇನ್ನೊಬ್ಬರು ಕೀ ತಿರುಗಿಸುವಾಗ ಮೀಟರ್ ನೋಡುತ್ತಿರಿ. ಅಂಕಿ ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕು.

ಈಗ ಹೇಳುವ ಪರೀಕ್ಷೆಯನ್ನು ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇದೇ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೆಯೇ, ಅಂದರೆ ಕ್ಲ್ಯಾಂಪಿನ ಮೇಲಲ್ಲ, ಒತ್ತಿ ಹಿಡಿಯಿರಿ. ಇನ್ನೊಂದನ್ನು ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಚುಚ್ಚಿ ಹಿಡಿದು, ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆಸಿ. ಅರ್ಥ್ ದಾರಿ ಶುದ್ಧವಾಗಿದ್ದರೆ ಮೀಟರ್ ಕಾಲು ವೋಲ್ಟಿನ ಆಸುಪಾಸಿಗಿಂತ ಹೆಚ್ಚು ತೋರಿಸಬಾರದು. ನನ್ನ ಕಾರಿನಲ್ಲಿ ಅದು 3 ವೋಲ್ಟ್ ದಾಟಿತ್ತು: ಬ್ಯಾಟರಿಯ ಶಕ್ತಿಯಲ್ಲಿ ಅಷ್ಟು ಪಾಲು ತುಕ್ಕನ್ನು ಬಿಸಿ ಮಾಡುವುದಕ್ಕೇ ವ್ಯಯವಾಗುತ್ತಿತ್ತು. ಬೋಲ್ಟ್ ಬಿಚ್ಚಿ, ಪಟ್ಟಿಯ ತುದಿಯನ್ನೂ ಅದು ಕೂರುವ ಜಾಗವನ್ನೂ ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದೆ. ಸೆಲ್ಫ್ ಮೊದಲ ಸಲಕ್ಕೇ ಹೊಡೆಯಿತು. ಪಾಸಿಟಿವ್ ಕಂಬಕ್ಕೂ ಸೆಲ್ಫ್ ಮೋಟಾರಿನ ದಪ್ಪ ಕೇಬಲ್ಲಿನ ಬೋಲ್ಟಿಗೂ ನಡುವೆ ಇದೇ ರೀತಿ ಅಳೆಯಬೇಕು. ಅಲ್ಲಿಯೂ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಅಡುಗೆ ಸೋಡಾ ಕದಡಿದ ಬಿಸಿನೀರನ್ನು ಬ್ಯಾಟರಿಯ ಮುಚ್ಚಳಗಳೊಳಗೆ ಇಳಿಯದಂತೆ ಹಚ್ಚಿ ಬ್ರಷ್‌ನಿಂದ ತೊಳೆಯಿರಿ, ಒಣಗಿಸಿ ಬಿಗಿದ ಮೇಲೆ ತುಸು ವ್ಯಾಸಲೀನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿದರೆ ಸ್ಪಾನರ್ ಬಾಡಿಗೆ ತಗುಲಿ ಕಿಡಿ ಹಾರಬಹುದು. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಆ ಒಂದು ಕಿಡಿ ಸಾಕು.

ಸದ್ದೇ ಇಲ್ಲದ ಕಾರಿನಲ್ಲಿ ಮೊದಲು ಕ್ಲಚ್ ಪೂರ್ತಿ ಒತ್ತಿ ನೋಡಿ. ಹಲವು ಕಾರುಗಳಲ್ಲಿ ಕ್ಲಚ್ ಪೆಡಲಿನ ಸ್ವಿಚ್ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ. ಆಟೊಮ್ಯಾಟಿಕ್ ಕಾರಾದರೆ ಗೇರ್ ‘ಪಿ’ ಅಥವಾ ‘ಎನ್’ನಲ್ಲಿರಬೇಕು. ಬಳಿಕ ಸೆಲ್ಫಿನ ಫ್ಯೂಸ್ ನೋಡಿ, ಅದರ ರಿಲೇಯ ಜಾಗಕ್ಕೆ ಅದೇ ನಂಬರಿನ ಇನ್ನೊಂದು ರಿಲೇಯನ್ನು, ಉದಾಹರಣೆಗೆ ಹಾರನ್ನಿನದನ್ನು, ಹಾಕಿ ನೋಡಿ. ಆಗಲೂ ಹೊಡೆಯದಿದ್ದರೆ, ಕೀ ತಿರುಗಿಸಿದಾಗ ಸೊಲೆನಾಯ್ಡಿನ ಸಣ್ಣ ತಂತಿಗೆ ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿಯಾಗಿ ಬರುತ್ತಿದೆಯೇ ಎಂದು ಅಳೆಯಿರಿ. ಅರ್ಥ್ ಸರಿಯಿದ್ದು, ವೋಲ್ಟೇಜ್ ಬಂದೂ ಅದು ಅಲುಗದಿದ್ದರೆ ಸೆಲ್ಫ್ ಮೋಟಾರನ್ನು ಬಿಚ್ಚಿಸದೆ ವಿಧಿಯಿಲ್ಲ. ವೋಲ್ಟೇಜೇ ಬಾರದಿದ್ದರೆ ಕೀ ಸ್ವಿಚ್ ಮತ್ತು ತಂತಿಗಳನ್ನು ಸಂಶಯಿಸಬೇಕು. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಸೇರುವ ಇಲಿಗಳು ತಂತಿ ಕಡಿದಿರುವುದೂ ಉಂಟು.

ಸೆಲ್ಫ್ ತಿರುಗಿಯೂ ಎಂಜಿನ್ ಹತ್ತಿಕೊಳ್ಳದ ಪೆಟ್ರೋಲ್ ಕಾರಿನಲ್ಲಿ ಮೀಟರ್ ಬೋರ್ಡಿನ ಇಮ್ಮೊಬಿಲೈಸರ್ (ಕೀ ಗುರುತಿಸದಿದ್ದರೆ ಎಂಜಿನ್ ಹತ್ತಿಕೊಳ್ಳಲು ಬಿಡದ ಕಳ್ಳತನ ತಡೆ) ದೀಪ ಮಿನುಗುತ್ತಿದ್ದರೆ ಮನೆಯಲ್ಲಿರುವ ಎರಡನೆಯ ಕೀ ಹಾಕಿ ನೋಡಿ. ಕೀ ಆನ್ ಮಾಡಿದಾಗ ಹಿಂಬದಿ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಕೇಳಬೇಕಾದ ಪೆಟ್ರೋಲ್ ಪಂಪಿನ ಗುಂಯ್ ಸದ್ದು ಕೇಳದಿದ್ದರೆ ಪಂಪಿನ ಫ್ಯೂಸ್ ಮತ್ತು ರಿಲೇ ನೋಡಿ. ಪ್ಲಗ್ಗಿನ ತಂತಿಯನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಅಭ್ಯಾಸ ಮಾತ್ರ ಬೇಡ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್.

ಒಮ್ಮೆ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯ ಮೇಲೆ ಮತ್ತೆ ಮೀಟರ್ ಇಡಿ. 13.8ರಿಂದ 14.5 ವೋಲ್ಟ್ ಇದ್ದರೆ ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಆದರೂ ಪ್ರತಿ ರಾತ್ರಿ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಕೀ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ಕಂಬಕ್ಕೂ ಬಿಚ್ಚಿದ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಜೋಡಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಸಬೇಡಿ, ಅದರ ಫ್ಯೂಸ್ ಸುಟ್ಟುಹೋಗುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಸೋರುತ್ತಿದ್ದರೆ 35 ಆಂಪಿಯರ್-ಗಂಟೆಯ ಬ್ಯಾಟರಿ 70 ಗಂಟೆಯಲ್ಲಿ ಬರಿದಾಗುತ್ತದೆ. ಸೆಲ್ಫ್ ಹೊಡೆಯುವುದು ಅದಕ್ಕೂ ಮೊದಲೇ ನಿಂತಿರುತ್ತದೆ. ಆಗ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಆ ಹಾದಿಯಲ್ಲಿರುವ ಡಿಕ್ಕಿಯ ದೀಪವನ್ನು, ಹೊರಗಿನ ಅಂಗಡಿಯಲ್ಲಿ ಕೂರಿಸಿದ ಸ್ಟೀರಿಯೋವನ್ನು ಮೊದಲು ಬಿಚ್ಚಿ ನೋಡಿ.