ಯಾಣದ ಗುಹಾದೇಗುಲಕ್ಕೆ ನಡೆದು ಹೋಗುವ ಕ್ರಮ

‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಮಾತು ಉತ್ತರ ಕನ್ನಡದ ಕಾಡಿನೊಳಗಿನ ಯಾಣಕ್ಕೆ ದಾರಿ ದುರ್ಗಮವಾಗಿದ್ದ ಕಾಲದ್ದು. ಈಗ ಶಿರಸಿಯ ಕಡೆಯಿಂದ ವಾಹನ ಬಹುತೇಕ ಬಂಡೆಗಳ ಬುಡದವರೆಗೂ ಬರುತ್ತದೆ. ಆದರೂ ಕಾಡನ್ನು ಕಾಣಬೇಕೆನ್ನುವವರು ಕುಮಟಾದ ಕಡೆಯಿಂದ ಏರಿ ಬರುವುದೇ ಲೇಸೆಂದು ನನ್ನ ಅಭಿಪ್ರಾಯ.

ಮಳೆಗಾಲ ಮುಗಿದ ಮೇಲೆ, ಹಳ್ಳದಲ್ಲಿ ಇನ್ನೂ ನೀರಿರುವ ನವೆಂಬರ್‌ನಿಂದ ಜನವರಿಯವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಮಳೆಯಲ್ಲೇ ಹೋಗುವುದಾದರೆ ಉಂಬಳಗಳಿಗಾಗಿ (ಕಾಡಿನ ಜಿಗಣೆಗಳಿಗಾಗಿ) ಉಪ್ಪಿನ ಗಂಟೊಂದು ಜೊತೆಗಿರಲಿ. ಬೆಳಿಗ್ಗೆ ಬೇಗ ಹೊರಟರೆ ಏರು ದಣಿಸುವುದಿಲ್ಲ.

ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ 90 ಮೀಟರ್‌ನ ಮೋಹಿನಿ ಶಿಖರವೂ ಮರಗಳ ನಡುವಿನಿಂದ ಕಪ್ಪಗೆ ಎದ್ದು ನಿಂತಿರುವುದು ಹತ್ತಿರವಾದಾಗಲೇ ಕಾಣುತ್ತದೆ. ಬಂಡೆಗಳಿಗೆ ಹೆಜ್ಜೇನು ಗೂಡು ಕಟ್ಟುವುದರಿಂದ ಕೂಗಾಟ, ಹೊಗೆ, ಕಲ್ಲೆಸೆತ ಖಂಡಿತ ಕೂಡದು. ಗುಹೆಯಲ್ಲಿರುವ ಭೈರವೇಶ್ವರನ ಲಿಂಗದ ಮೇಲೆ ಬಂಡೆಯ ನೀರು ತಾನಾಗಿ ಜಿನುಗುತ್ತದೆ. ದರ್ಶನದ ನಂತರ ಪಾದರಕ್ಷೆಯಿಲ್ಲದೆ ಬಂಡೆಯ ಸೀಳಿನೊಳಗಿನಿಂದ ಪ್ರದಕ್ಷಿಣೆ ಬರುವಾಗ ಜಾರುವ ಕಲ್ಲುಗಳ ಮೇಲೆ ನಿಧಾನವಾಗಿ, ಗೋಡೆ ಹಿಡಿದು ಹೆಜ್ಜೆಯಿಡಿ, ನಡುವೆ ಒಮ್ಮೆ ತಲೆಯೆತ್ತಿ ಮೇಲಿನ ಬೆಳಕಿನ ಗೆರೆಯನ್ನು ನೋಡಿ. ಶಿವರಾತ್ರಿಯ ಜಾತ್ರೆಯಲ್ಲಿ ಈ ಏಕಾಂತ ಸಿಗದು. ಇಳಿಯುವಾಗ ಸಮಯವಿದ್ದರೆ ವಿಭೂತಿ ಜಲಪಾತಕ್ಕೂ ಹೋಗಬಹುದು. ಆದರೆ ಕತ್ತಲಾಗುವ ಮುನ್ನ ಕಾಡಿನಿಂದ ಹೊರಬೀಳಬೇಕು.