ಬರೆಸದೆ ಲೆಕ್ಕ ಕಲಿಸಿದ್ದು: ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಾಸಿನ ಅನುಭವ

ನನ್ನ ಮೊದಲ ತಂಡದ ಮಕ್ಕಳು ಈ ವರ್ಷ ಮೂರನೇ ಕ್ಲಾಸು ದಾಟಿದರು. ಸಾಲ ತೆಗೆದು ಕಳೆಯುವ ಲೆಕ್ಕ ಕಂಡರೆ ಹೆದರುವವರು ಅವರಲ್ಲಿ ಒಬ್ಬರೂ ಇಲ್ಲ. ಇವರು ಒಂದನೇ ಕ್ಲಾಸಿನಲ್ಲಿ ನನ್ನ ಹತ್ತಿರ ಬಂದಾಗ, "ಪುಸ್ತಕ ತೆರೆಸೋದೇ ಇಲ್ಲ, ಬರೀ ಹುಣಸೆ ಬೀಜ ಆಡಿಸ್ತಾರೆ" ಎಂದು ಬಿಲ್ಡಿಂಗಿಡೀ ಮಾತಾಗಿತ್ತು. ಟ್ಯೂಷನ್ ನಡೆಸುವ ಗೆಳತಿಯರೂ ನಂಬಲಿಲ್ಲ. ಮಕ್ಕಳ ಯೋಚನೆ ವಯಸ್ಸಿನೊಂದಿಗೆ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ ಎಂದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆಯ ಮಾತೇ ನನ್ನ ಕ್ಲಾಸಿಗೆ ಆಧಾರ. ಆ ಹಂತಗಳನ್ನು ನಾವೆಲ್ಲ ಶಿಕ್ಷಕ ತರಬೇತಿಯ ಡಿ.ಎಡ್.ಗೆ ಬಾಯಿಪಾಠ ಮಾಡಿದವರೇ, ಅದನ್ನು ಮತ್ತೆ ಹೇಳುವುದಿಲ್ಲ.

ಮಗು ಶಾಲೆಯಲ್ಲಿ ಎಷ್ಟನೇ ಕ್ಲಾಸಿನಲ್ಲೇ ಇರಲಿ, ಮೊದಲ ಕೆಲವು ದಿನ ನನ್ನಲ್ಲಿ ಪೆನ್ಸಿಲ್ ಇಲ್ಲ. ಎರಡು ಸಾಲು ಬೀಜ ಸಮ ಜೋಡಿಸಿ, ಒಂದು ಸಾಲನ್ನು ಅಗಲಿಸುತ್ತೇನೆ. ಆರು ವರ್ಷದ ಹುಡುಗಿಯೊಬ್ಬಳು ಎರಡೂ ಸಾಲನ್ನು ಬೆರಳಿಟ್ಟು ಸರಿಯಾಗಿ ಎಣಿಸಿದಳು, ಏಳು, ಏಳು. ಆಮೇಲೆ ಉದ್ದದ ಸಾಲು ತೋರಿಸಿ, "ಇದ್ರಲ್ಲೇ ಜಾಸ್ತಿ ಟೀಚರ್" ಎಂದಳು. ಈ ಮಗುವಿಗೆ 52ರಲ್ಲಿ 27 ಕಳೆಯಲು ಹೇಳಿ ಏನು ಪ್ರಯೋಜನ? ಒಂದು ಹತ್ತನ್ನು ಬಿಡಿಸಿ 40 ಮತ್ತು 12 ಮಾಡಿದರೂ ಅದೇ 52 ಎಂದು ಅವಳ ಮನಸ್ಸು ಒಪ್ಪಬೇಕಲ್ಲ. ಒಪ್ಪದಿದ್ದರೆ ಮೇಲಿನ ಅಂಕಿಗೆ ಗೀಟು ಎಳೆದು ಒಂದು ಕಡಿಮೆ ಬರೆಯುವುದು ಬರೀ ಕೈಚಳಕ, ಪರೀಕ್ಷೆ ಮುಗಿದ ಮೇಲೆ ಮರೆತೇ ಹೋಗುತ್ತದೆ. ಲೋಟದ ನೀರನ್ನು ಅಗಲದ ಬಟ್ಟಲಿಗೆ ಹೊಯ್ದು, "ತಿರುಗಿ ಲೋಟಕ್ಕೆ ಹಾಕಿದರೆ ಎಲ್ಲಿಗೆ ಬರುತ್ತೆ?" ಎಂದು ಕೇಳುತ್ತೇನೆ. ಹೊಯ್ಯುವ ಮೊದಲೇ ಜಾಗ ತೋರಿಸಿ, ಯಾಕೆಂದೂ ಹೇಳುವ ಮಗುವಿಗೆ ಮಾತ್ರ ಸಾಲ ತೆಗೆದು ಕಳೆಯುವ ಲೆಕ್ಕ. ಆ ಹುಡುಗಿ ಅಲ್ಲಿಗೆ ಬರಲು ಹತ್ತಿರ ಹತ್ತಿರ ಎಂಟು ತಿಂಗಳು ಹಿಡಿಯಿತು. ಆಮೇಲೆ ಲೆಕ್ಕ ಕಲಿಯಲು ಎರಡು ವಾರವೂ ಬೇಕಾಗಲಿಲ್ಲ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಸಂಶೋಧಕರು ಎರಡು ಸಾಲಿನ ಇದೇ ಪರೀಕ್ಷೆಯಲ್ಲಿ ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿ ಗೊಂಬೆಗೆ ಬಿಟ್ಟರು. ಪರೀಕ್ಷೆ ಮಾಡುವವರೇ ಬೇಕೆಂದು ಸರಿಸಿದಾಗ 80 ಮಕ್ಕಳಲ್ಲಿ ಸರಿಯಾಗಿ ಹೇಳಿದವರು 13, ಕರಡಿ ಕೆಡಿಸಿದಾಗ 50. ನಾನು ಹಳೆ ಕಾಲುಚೀಲದಲ್ಲಿ ಕೋತಿ ಹೊಲಿದುಕೊಂಡೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದನ್ನೂ ಬಿಟ್ಟೆ, ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕು ಎಂದು ಮಕ್ಕಳು ಉತ್ತರ ಬದಲಿಸುತ್ತಾರೆ. ಮನೆಯಲ್ಲಿ ತುಳು ಆಡುವ ಮಗುವಿಗೆ ತುಳುವಿನಲ್ಲೇ, ಕನ್ನಡದ ಮಗುವಿಗೆ ಕನ್ನಡದಲ್ಲೇ ಕೇಳುತ್ತೇನೆ. ಶಾಲೆಯ ಇಂಗ್ಲಿಷ್‌ನಲ್ಲಿ ಕೇಳಿದಾಗ ದಡ್ಡನಂತೆ ಕಂಡ ಹುಡುಗ ಅಜ್ಜಿಯ ಭಾಷೆಯಲ್ಲಿ ಕೇಳಿದರೆ ಪಟಪಟ ಹೇಳುತ್ತಾನೆ.

ಇನ್ನು ದುಡ್ಡಿನ ವಿಷಯ. ಶುರುವಿನಲ್ಲಿ ಮರದ ಮಣಿಗಳ ಸೆಟ್ಟಿಗೆ ಹದಿನಾಲ್ಕೋ ಹದಿನೈದೋ ಸಾವಿರ ಸುರಿದೆ. ಮಕ್ಕಳು ಅದರಲ್ಲಿ ಲೋಕಲ್ ಟ್ರೇನ್ ಕಟ್ಟಿ ಆಡಿದರು. ಕೊನೆಗೆ ಮೂರೂವರೆ ಸಾವಿರಕ್ಕೆ ಮಾರಿದೆ. ಇಲ್ಲೇ ಪಾಲ್ಘರ್ ಜಿಲ್ಲೆಯ ಬೋರ್ಡಿ, ಕೋಸಬಾಡದಲ್ಲಿ ಶಿಶು ಶಿಕ್ಷಣದ ಹಿರಿಯರಾದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರು ಆದಿವಾಸಿ ಮಕ್ಕಳಿಗೆ ಕಲಿಸಿದ್ದು ಸುತ್ತಮುತ್ತ ಸಿಗುವ ಸಾಮಾನಿನಿಂದಲೇ. ಸಂಬಂಧಿಕರ ಹೋಟೆಲಿನ ಅಡುಗೆಮನೆಯಿಂದ ಹುಣಸೆ ಬೀಜ ಚೀಲಗಟ್ಟಲೆ ಬಂತು, ಪುಕ್ಕಟೆ. ಮೊದಲ ಮಳೆಗಾಲಕ್ಕೆ ಹುಳ ಹಿಡಿಯಿತು. ಈಗ ತೊಳೆದು ಒಣಗಿಸಿ ಬಾಣಲೆಯಲ್ಲಿ ಬಿಸಿ ಮಾಡಿಡುತ್ತೇನೆ. ಆಗ ಫೀಸು ತಿಂಗಳಿಗೆ ಎಂಟುನೂರು. ಆರು ತಿಂಗಳಲ್ಲಿ ಅರ್ಧದಷ್ಟು ಮಕ್ಕಳು ಬಿಟ್ಟು ಹೋದರು, ಕೈಗೆ ಬರುತ್ತಿದ್ದದ್ದು ಐದಾರು ಸಾವಿರ. ಮನೆಯವರ ಸಂಬಳ ಇಲ್ಲದಿದ್ದರೆ ಬಾಗಿಲು ಹಾಕುವುದೇ ಆಗಿತ್ತು. ಇವತ್ತು ಫೀಸು ಸಾವಿರದ ನಾನೂರು, ಅಂದು ಬಿಟ್ಟು ಹೋದ ಮನೆಗಳ ತಮ್ಮ ತಂಗಿಯರೇ ಜಾಗಕ್ಕಾಗಿ ಕಾಯುತ್ತಿದ್ದಾರೆ.

ಈ ನಡುವೆ ಊರಿಂದ ಚೆನ್ನೆಮಣೆ ತರಿಸಿದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಐದಾರು ವರ್ಷದವರಿಗೆ ಕಾಯಿ ಹಂಚುತ್ತಾ ಹೋಗುವುದೇ ಆಟ. ಎಂಟು ಒಂಬತ್ತಕ್ಕೆ ಮಗು ಕಾಯಿ ಎತ್ತುವ ಮೊದಲು ಒಂದು ಕ್ಷಣ ತಡೆಯುತ್ತದೆ, ಎಲ್ಲಿ ಮುಗಿಯಬೇಕೋ ಆ ಗುಳಿಯಿಂದ ಹಿಂದಕ್ಕೆ ಎಣಿಸುತ್ತದೆ. ಆ ತಡೆಯುವ ಗಳಿಗೆ ನೋಡಲು ನಾನು ಎಷ್ಟು ಹೊತ್ತಾದರೂ ಕೂರುತ್ತೇನೆ.

ದೊಡ್ಡ ಮಕ್ಕಳಿಗೆ ಲೋಲಕ. ಬಾಲ್ಕನಿಯ ಗ್ರಿಲ್ಲಿಗೆ ದಾರ, ತುದಿಗೆ ಹಾರ್ಡ್‌ವೇರ್ ಅಂಗಡಿಯ ನಟ್ಟು. ದಾರ ಒಂದು ಮೀಟರಾದರೆ ಹೋಗಿ ಬರುವ ಹತ್ತು ಓಲಾಟಕ್ಕೆ ಸುಮಾರು 20 ಸೆಕೆಂಡು, ಕಾಲು ಮೀಟರಾದರೆ 10. ತೂಕ ಎಷ್ಟೇ ಇರಲಿ ವ್ಯತ್ಯಾಸವಿಲ್ಲ. ಹತ್ತು ವರ್ಷದವರು ದಾರವನ್ನೂ ನಟ್ಟನ್ನೂ ಒಟ್ಟಿಗೆ ಬದಲಿಸಿ, "ಭಾರಕ್ಕೇ ನಿಧಾನ" ಎಂದು ವಾದಿಸುತ್ತಾರೆ. ಏಳನೇ ಕ್ಲಾಸಿನವಳೊಬ್ಬಳು ನನ್ನ ಕೈ ತಡೆದಳು, "ದಾರ ಮುಟ್ಟಬೇಡಿ ಟೀಚರ್, ನಟ್ಟು ಮಾತ್ರ ಬದಲಿಸೋಣ." ಎಲ್ಲರೂ ಆ ವಯಸ್ಸಿಗೆ ಅಲ್ಲಿಗೆ ಬರುವುದಿಲ್ಲ. 1972ರಲ್ಲಿ ಪಿಯಾಜೆಯೇ ಹೀಗೆ ಯೋಚಿಸುವ ಶಕ್ತಿ ಬರುವುದು 15ರಿಂದ 20ರ ವಯಸ್ಸಿನವರೆಗೂ ಹೋಗಬಹುದು, ಅವರವರ ಒಲವಿನ ಕ್ಷೇತ್ರದಲ್ಲಿ ಮೊದಲು ಕಾಣಬಹುದು ಎಂದಿದ್ದರು. ಲೋಲಕದಲ್ಲಿ ಸೋತ ಒಂಬತ್ತನೇ ಕ್ಲಾಸಿನ ಹುಡುಗ ಫಾಸ್ಟ್ ಲೋಕಲ್ ಬಿಟ್ಟು ಸ್ಲೋ ಲೋಕಲ್ ಹಿಡಿದರೆ, ಠಾಣೆಯಲ್ಲಿ ಇಳಿದು ಬದಲಿಸಿದರೆ, ಬದಲಿಸದಿದ್ದರೆ ದಾದರಿಗೆ ಎಷ್ಟಕ್ಕೆ ಮುಟ್ಟಬಹುದು ಎಂದು ಒಂದೊಂದನ್ನೇ ಬೇರೆ ಮಾಡಿ ಹೇಳುತ್ತಾನೆ. ಅವನಿಗೆ ಬೀಜಗಣಿತವನ್ನು ಟೈಮ್‌ಟೇಬಲ್ಲಿನಿಂದಲೇ ಶುರು ಮಾಡಿದೆ, ಹಿಡಿದುಕೊಂಡ.

ಎಳೆಕೂಸುಗಳಿಗೂ ಕ್ಲಾಸು ಮಾಡಿ ಎಂದು ಕೇಳುವ ತಾಯಂದಿರಿದ್ದಾರೆ. ಒಳ್ಳೆ ದುಡ್ಡು ಬರುತ್ತಿತ್ತು, ಒಪ್ಪಲಿಲ್ಲ. ಎಂಟು ತಿಂಗಳ ಕೂಸಿಗೆ ಗಿಲಕಿಯನ್ನು ಬಟ್ಟೆಯಡಿ ಬಚ್ಚಿಟ್ಟು ಹುಡುಕಿಸುವ ಆಟವನ್ನು ಮನೆಯಲ್ಲೇ ಆಡಿ ಎನ್ನುತ್ತೇನೆ. ಕಣ್ಣೆದುರೇ ಜಾಗ ಬದಲಿಸಿದರೂ ಅದು ಮೊದಲಿನ ಬಟ್ಟೆಯನ್ನೇ ಎತ್ತಿದರೆ ಗಾಬರಿ ಬೇಡ, ಆ ವಯಸ್ಸಿಗೆ ಅದು ಸಹಜ.

ತಪ್ಪು ಉತ್ತರ ಬಂದಾಗ ನಾನು ಕೇಳುವ ಮುಂದಿನ ಪ್ರಶ್ನೆ ಯಾವುದು, ಕೋತಿಯನ್ನು ಯಾವಾಗ ಒಳಗಿಡುತ್ತೇನೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಕ್ಲಾಸು ನಡೆಯುವುದೇ ಅದರ ಮೇಲೆ. ಉಳಿದಿದ್ದಕ್ಕೆ ಒಂದು ಹಿಡಿ ಬೀಜ, ಎರಡು ಲೋಟ ಸಾಕು.